ಕಾವಪ್ಪನಿಗೆ ಹಲ್ಲು ಬಂದದ್ದು

ಮೊನ್ನೆ ಸೊಸೆಗೆ ಜ್ವರ, ನನಗೆ ಮಂಡಿನೋವು. ಒಲೆ ಹಚ್ಚುವವರಿಲ್ಲದೆ ಮಗ ಫೋನಿನಲ್ಲೇ ಇಡ್ಲಿ ತರಿಸಿದ. ಬಾಗಿಲು ತೆರೆದರೆ ಹೆಲ್ಮೆಟ್ ತೆಗೆಯದೆಯೇ ನಿಂತಿದ್ದವನೊಬ್ಬ ಕಾಗದದ ಚೀಲವನ್ನು ಕೈಗಿತ್ತು, "ಗರಮ್ ಹೈ ಮಾತಾಜೀ, ನೀಚೇ ಸೇ ಪಕಡೋ" ಎಂದು, ಬಿಸಿಯಿದೆ ಕೆಳಗಿನಿಂದ ಹಿಡಿದುಕೊಳ್ಳಿ ಎಂದು, ಲಿಫ್ಟಿನೊಳಗೆ ಮಾಯವಾದ. ಚೀಲದ ತಳ ಬೆಚ್ಚಗಿತ್ತು. ಸಾಂಬಾರಿನ ವಾಸನೆ, ಸುಳ್ಳು ಹೇಳಬಾರದು, ಚೆನ್ನಾಗಿಯೇ ಇತ್ತು. ಇಂಗು ಸ್ವಲ್ಪ ಮುಂದಾಗಿತ್ತು, ಅಷ್ಟೇ. ಚೀಲದ ಮೇಲೊಂದು ಕಾಗೆಯ ಚಿತ್ರ. ಕತ್ತಿಗೆ ಹಳದಿ ಶಾಲು ಸುತ್ತಿಕೊಂಡು, ರೆಕ್ಕೆಗಳೆರಡನ್ನೂ ಜೋಡಿಸಿ ನಮಸ್ಕಾರ ಮಾಡುತ್ತಿದೆ. ಕೊಕ್ಕು ತೆರೆದು ನಗುತ್ತಿದೆ. ಕೊಕ್ಕಿನೊಳಗೆ ಬೆಳ್ಳನೆಯ ಹಲ್ಲಿನ ಸಾಲು.

ಕಾಗೆಗೆ ಹಲ್ಲು! ಕೋಳಿಗೆ ಹಾಲು ಬಂದ ಹಾಗೆ.

"ಅಮ್ಮಾ, ಆರಿಹೋಗತ್ತೆ, ಒಳಗೆ ತಗೊಂಡು ಬಾ" ಎಂದು ರಘು ಕೂಗಿದ. ನಾನು ಮಾತ್ರ ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಯಾಕೆಂದರೆ ಆ ಕಾಗೆ ನನಗೆ ಗೊತ್ತು. ನಿಮ್ಮಲ್ಲಿ ಸ್ವಲ್ಪ ವಯಸ್ಸಾದವರಿಗೂ ಗೊತ್ತಿದ್ದೀತು. ಹೆಸರು ಕಾವಪ್ಪ. ಅದನ್ನು ಹುಟ್ಟಿಸಿದವರು ನಮ್ಮ ಮನೆಯವರು. ಅವರು ಹೋದರು, ಅದು ಉಳಿದಿದೆ, ನೋಯ್ಡಾದಲ್ಲಿ ಇಡ್ಲಿ ಮಾರುತ್ತಿದೆ. ನಿಮಗೆ ಬೇರೆ ಅವಸರವಿಲ್ಲದಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ಬಿಡಬೇಕು ಅನ್ನುವುದೆಲ್ಲ ನನಗೆ ತಿಳಿಯದು. ನೀವೇ ಸರಿ ಮಾಡಿಕೊಂಡು ಓದಿಕೊಳ್ಳಿ.

ಆಗ ನಾವು ಲೋಧಿ ಕಾಲೋನಿಯಲ್ಲಿದ್ದೆವು. ಸರ್ಕಾರಿ ಕ್ವಾರ್ಟರ್ಸು, ಮೇಲೆ ಒಂದು ಮನೆ ಕೆಳಗೆ ಒಂದು ಮನೆ, ಎದುರಿಗೆ ಬೇವಿನಮರ. ಇವರು ಮಂತ್ರಾಲಯವೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಡಬ್ಬಿ ಹಿಡಿದು ಸೈಕಲ್ ಹತ್ತಿದರೆ ಓಣಿಯ ಗಂಡಸರೆಲ್ಲ ಒಟ್ಟಿಗೆ ಖಾಲಿ. ಆಮೇಲೆ ಇಡೀ ಕಾಲೋನಿಯೇ ತೂಕಡಿಸುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಒದ್ದೆ ಮಾಡಿದ ಲಾವಂಚದ ತಟ್ಟಿಯ ವಾಸನೆ, ಎಲ್ಲೋ ದೂರದಲ್ಲಿ ಹತ್ತಿ ಎಕ್ಕುವವನ ಬಿಲ್ಲಿನ ಸದ್ದು, ಬೇವಿನ ಹೂವು ಒಂದೊಂದೇ ಉದುರುವುದು. ತಿಪಟೂರಿನ ಕಡೆಯಿಂದ ಮದುವೆಯಾಗಿ ಬಂದವಳಿಗೆ ಭಾಷೆ ಬಾರದು, ಜನ ಗೊತ್ತಿಲ್ಲ. ನನ್ನ ಜೊತೆ ಮಾತಾಡಲು ಇದ್ದದ್ದು ಒಂದು ಕಾಗೆ. ಮಾತಾಡಲು ಅಂದೆನೇ? ಬೈಸಿಕೊಳ್ಳಲು ಅನ್ನಿ.

ಒಂದು ಭಾನುವಾರ ಚಪಾತಿ ಬೇಯಿಸಿ ಬೇಯಿಸಿ ಕಿಟಕಿಯ ಪಕ್ಕ ಇಡುತ್ತಿದ್ದೆ. ಕಾಗೆ ಬಂದು ಮೇಲಿನದನ್ನು ಎತ್ತಿಕೊಂಡು ಹೋಗಿ ಕೊಂಬೆಯ ಮೇಲೆ ಕೂತಿತು. ನಾನು ಸೌಟು ಹಿಡಿದು ಶುರು ಮಾಡಿದೆ: "ಏ ಮೂದೇವಿ, ದಂಡಪಿಂಡ, ನಿಮ್ಮಪ್ಪ ಕಲಸಿಟ್ಟಿದ್ದನೇನೋ ಹಿಟ್ಟು? ನಿನ್ನ ಮುಖಕ್ಕಿಷ್ಟು ಮಂಗಳಾರತಿ ಎತ್ತ!" ಕಾಗೆ ಚಪಾತಿಯನ್ನು ಕಾಲಡಿ ಅದುಮಿಕೊಂಡು, ಕತ್ತು ಓರೆ ಮಾಡಿ, ಕೊನೆಯವರೆಗೂ ಕೇಳಿಸಿಕೊಂಡಿತು. ಇವರು ಒಳಗೆ ಮುಖಕ್ಷೌರ ಮಾಡಿಕೊಳ್ಳುತ್ತಿದ್ದವರು ಅರ್ಧ ಸೋಪಿನ ಮುಖದಲ್ಲೇ ಬಂದು ನಿಂತರು.

"ಅದಕ್ಕೆ ಅರ್ಥ ಆಯ್ತು ಕಣೇ."

"ಏನು ಅರ್ಥ ಆಯ್ತು?"

"ನೀನು ಬೈದದ್ದು. ಹಿಂದಿ ಕಾಗೆಯಾಗಿದ್ರೆ ಇಷ್ಟು ಹೊತ್ತಿಗೆ ಹಾರಿಹೋಗೋದು. ಇದು ನಮ್ಮ ಕಡೇದೇ."

ಅಷ್ಟೇ. ಕಾವಪ್ಪ ಹುಟ್ಟಿದ್ದು ಹೀಗೆ. ನಮ್ಮ ಕಡೆಯ ಕಾಗೆ ದಿಲ್ಲಿಗೆ ಹೇಗೆ ಬಂತು? ಗುಂತಕಲ್ಲಿನಲ್ಲಿ ರೈಲು ನಿಂತಾಗ ವಡೆ ಕದಿಯಲು ಅಡುಗೆ ಬೋಗಿಯೊಳಗೆ ಹೊಕ್ಕಿತು. ಹೊಟ್ಟೆಬಿರಿಯ ತಿಂದು ಅಲ್ಲೇ ನಿದ್ದೆ ಹೋಯಿತು. ಎಚ್ಚರವಾದಾಗ ದಿಲ್ಲಿ. ಎಲ್ಲರೂ ಬೆಳಿಗ್ಗೆ ಡಬ್ಬಿ ಹಿಡಿದು ಆಫೀಸಿಗೆ ಹೋಗುವುದನ್ನು ಕಂಡು, ತನಗೂ ಇಲ್ಲಿಗೆ ವರ್ಗವಾಗಿದೆ ಎಂದೇ ಅದು ನಂಬಿತು. ಅಂದಿನಿಂದ ಬೇವಿನಮರವೇ ಅದರ ಆಫೀಸು. ಒಂದೊಂದು ಅಡುಗೆಮನೆಯ ಕಿಟಕಿಗೂ ಬಂದು, "ಏ ದಂಡಪಿಂಡ, ಕಿಟಕಿ ತೆಗಿ. ಇನ್‌ಸ್ಪೆಕ್ಷನ್!" ಎಂದು ಕೂಗುವುದು. ಸಾರು ಸಪ್ಪೆಯಾದರೆ ಮೆಮೊ ಕೊಡುವುದು. ದೊಡ್ಡ ಸಾಹೇಬರ ಬೋಳುತಲೆಯ ಮೇಲೆ ಕೂತು ರಜೆ ಕೇಳುವುದು. ಪ್ರತಿಯೊಂದು ಕಥೆಯ ಕೊನೆಯಲ್ಲೂ ಊರಿಗೆ ವರ್ಗ ಕೇಳಿ ಅರ್ಜಿ ಹಾಕುವುದು, ಅದು ಎಂದೂ ಮಂಜೂರಾಗದು.

ಊರಿನ ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಇವರು ಬರೆದು ಕಳಿಸಿದರು. ಅವರು ಇನ್ನೊಂದು ಬೇಕೆಂದರು, ಮತ್ತೊಂದು ಬೇಕೆಂದರು. ಒಂದು ಕಾಲಕ್ಕೆ ಊರಿನಿಂದ ಬಂದವರು ಕೆಂಪುಕೋಟೆ ನೋಡುವುದಕ್ಕೆ ಮೊದಲು ನಮ್ಮ ಬೇವಿನಮರ ನೋಡುತ್ತಿದ್ದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, "ಸಾರ್, ಕಾವಪ್ಪ ಎಲ್ಲಿ?" ಎಂದರೆ ಇವರು ಆಕಾಶದಲ್ಲಿ ಹೋಗುವ ಯಾವುದಾದರೂ ಕಾಗೆಗೆ ಬೆರಳು ಮಾಡಿ, "ಅಗೋ, ಅರ್ಧ ದಿನ ರಜೆ ಹಾಕಿ ಹೋಗ್ತಿದಾನೆ" ಎನ್ನುತ್ತಿದ್ದರು. ಮಕ್ಕಳು ಟಾಟಾ ಮಾಡುತ್ತಿದ್ದವು.

ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಹೇಳಬೇಕೆನ್ನುತ್ತಾರೆ. ನನಗದು ಬರುವುದಿಲ್ಲ. ಇವರು ಮನೆಯಲ್ಲಿ ಬಾಯಿ ಬಿಟ್ಟವರಲ್ಲ. ಉಪ್ಪು ಹೆಚ್ಚಾಗಿದೆ ಎಂಬುದನ್ನೂ ನೀರು ಕುಡಿದು ತಿಳಿಸುವ ಜಾತಿ. ಆದರೆ ನಾನು ತರಕಾರಿಯವನ ಜೊತೆ ಜಗಳಕ್ಕೆ ನಿಂತರೆ ಮಾತ್ರ ಕಿವಿ ನೆಟ್ಟಗೆ. "ಏನಂದೆ ಅವನಿಗೆ? ಇನ್ನೊಂದ್ಸಲ ಹೇಳು." ಹೊಸದಾಗಿ ಮದುವೆಯಾದವಳು, ನನ್ನ ಮಾತು ಇಷ್ಟವಾಗುತ್ತದೆ ಎಂದುಕೊಂಡು ಇನ್ನೆರಡು ಸೇರಿಸಿಯೇ ಹೇಳುತ್ತಿದ್ದೆ. ಮುಂದಿನ ತಿಂಗಳು ನೋಡಿದರೆ ಅದೇ ಬೈಗುಳ ಕಾವಪ್ಪನ ಬಾಯಲ್ಲಿ! ಓಣಿಯ ಮಕ್ಕಳೆಲ್ಲ ಅದನ್ನೇ ಹೇಳಿಕೊಂಡು ಕುಣಿಯುತ್ತಿವೆ. ಕಾವಪ್ಪನ ರೆಕ್ಕೆ, ಕಾಲು, ಅರ್ಜಿ, ರಜೆ ಎಲ್ಲ ಇವರದು. ನಾಲಿಗೆ ನನ್ನದು. ಇದನ್ನು ನಾನು ಯಾರಲ್ಲೂ ಹೇಳಿಕೊಂಡವಳಲ್ಲ. ಬೈಯುವವಳೆಂದು ಹೆಸರು ಪಡೆಯುವುದರಲ್ಲಿ ದೊಡ್ಡಸ್ತಿಕೆಯೇನಿದೆ?

ರಿಟೈರಾದ ಮೇಲೆ ಕ್ವಾರ್ಟರ್ಸು ಬಿಟ್ಟು ನೋಯ್ಡಾಕ್ಕೆ, ಮಗನ ಫ್ಲಾಟಿಗೆ ಬಂದೆವು. ಹನ್ನೊಂದನೇ ಮಹಡಿ. ಬಾಲ್ಕನಿಗೆ ಪಾರಿವಾಳ ಬಾರದಂತೆ ಬಲೆ. ಇವರು ಬಲೆಯ ಈಚೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. "ಬರೆಯೋದಿಲ್ವೇ?" ಎಂದು ಒಮ್ಮೆ ಕೇಳಿದೆ. "ಇಲ್ಲಿ ಕಾವಪ್ಪನಿಗೆ ಕೂರೋಕೆ ಜಾಗ ಇಲ್ಲ" ಅಂದರು. ಒಂದು ಚಳಿಗಾಲದಲ್ಲಿ ಹೋದರು. ತಾವೂ ಹೆಚ್ಚು ನರಳಲಿಲ್ಲ, ನನ್ನನ್ನೂ ನರಳಿಸಲಿಲ್ಲ. ಅಷ್ಟು ಸಾಕು.

ಅವರು ಹೋದ ಮೇಲೆ ಮನೆಯಲ್ಲಿ ಮಾತಿಗೆ ಜನವಿರಲಿಲ್ಲ ಎಂದು ನೀವು ಮರುಗಬೇಡಿ. ಅವರಿದ್ದಾಗಲೂ ಇರಲಿಲ್ಲ. ಮಾತಾಡುತ್ತಿದ್ದದ್ದು ಕಾಗೆ. ಅದಕ್ಕೇ ಇರಬೇಕು, ಒಂದು ಸಂಜೆ ಕೆಳಗೆ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದಾಗ, ಅಳುತ್ತಿದ್ದ ಮಗುವೊಂದಕ್ಕೆ ನಾನೇ ಕಾವಪ್ಪನ ಕಥೆ ಹೇಳಿಬಿಟ್ಟೆ. ಹರಕು ಹಿಂದಿ, ನಡುನಡುವೆ ಕನ್ನಡ. ಮಗು ಅಳು ನಿಲ್ಲಿಸಿತು. ಮರುದಿನ ನಾಲ್ಕು ಮಕ್ಕಳು. ಆಮೇಲೆ ಬೆಂಚು ಸಾಲದಾಯಿತು. ಇವರ ಕಥೆಗಳು ಮುಗಿದವು. ಮುಗಿದರೆ ನಿಲ್ಲಿಸುವುದಕ್ಕಾಗುತ್ತದೆಯೇ? ನಾನೇ ಕಟ್ಟಿದೆ. ಕಾವಪ್ಪ ಲಿಫ್ಟಿನಲ್ಲಿ ಸಿಕ್ಕಿಕೊಂಡದ್ದು, ಕಾವಪ್ಪ ಸೊಸೈಟಿ ಮೀಟಿಂಗಿಗೆ ನುಗ್ಗಿ ಸೆಕ್ರೆಟರಿಯ ಟೋಪಿ ಹಾರಿಸಿದ್ದು. ಎದುರು ಬ್ಲಾಕಿನ ಮಿಷ್ಟಿ ಎಂಬ ಬಂಗಾಳಿ ಹುಡುಗಿ "ದಂಡಪಿಂಡ" ಅನ್ನುವುದನ್ನು ನನಗಿಂತ ಸ್ಪಷ್ಟವಾಗಿ ಹೇಳುತ್ತಿದ್ದಳು. ಸಂಜೆ ಹೊಗೆಯೂ ಮಂಜೂ ಬೆರೆತು ದೀಪಗಳೆಲ್ಲ ಹತ್ತಿಯುಂಡೆಯ ಹಾಗೆ ಕಾಣುವಾಗ, ಆ ಮಕ್ಕಳ ನಡುವೆ ಕೂತರೆ ನಾನಿರುವುದು ನೋಯ್ಡಾವೋ ಲೋಧಿ ಕಾಲೋನಿಯೋ ನನಗೇ ಮರೆತುಹೋಗುತ್ತಿತ್ತು.

ಹೀಗಿರುವಾಗ ಶ್ವೇತಾ ಬಂದಳು. ಬಿಸಿ ತಿಂಡಿ ಮನೆಬಾಗಿಲಿಗೆ ತಲುಪಿಸುವ ಕಂಪನಿಯವಳು, ಆಫೀಸು ಹೌಜ್ ಖಾಸ್‌ನಲ್ಲಿ. ದಿಲ್ಲಿಯಲ್ಲೇ ಬೆಳೆದ ಕನ್ನಡದ ಹುಡುಗಿ, ಅವಳಪ್ಪ ಅಲ್ಲಿಯ ಕಾಲೇಜಿನಲ್ಲಿ ಪ್ರೊಫೆಸರಂತೆ. ಬಂದವಳೇ ಕಾಲಿಗೆ ನಮಸ್ಕಾರ ಮಾಡಿದಳು.

"ಅಜ್ಜಿ, ನಾನು ಕಾವಪ್ಪನ್ನ ಕೇಳ್ತಾನೇ ಬೆಳೆದಿದ್ದು. ಅಪ್ಪ ಓದಿ ಹೇಳ್ತಿದ್ರು. ಆಯಾಮ್ ಸಚ್ ಅ ಫ್ಯಾನ್! ನಮ್ಮ ಪ್ಯಾಕೆಟ್ ಮೇಲೆ, ಜಾಹೀರಾತಿನಲ್ಲಿ, ಎಲ್ಲ ಕಡೆ ಕಾವಪ್ಪ ಇರ್ಬೇಕು ಅಂತ ನನ್ನದೇ ಐಡಿಯಾ."

ಚಿತ್ರ ತೋರಿಸಿದಳು. ಅದೇ ಶಾಲು, ಅದೇ ಹಲ್ಲು.

"ಹಲ್ಲು ಯಾಕಮ್ಮ?"

"ಫ್ರೆಂಡ್ಲಿ ಆಗಿ ಕಾಣ್ಲಿ ಅಂತ ಅಜ್ಜಿ."

"ಅವನು ಫ್ರೆಂಡ್ಲಿ ಅಂತ ನಿಂಗ್ಯಾರು ಹೇಳಿದ್ದು?"

ಅವಳು ನಕ್ಕಳು. ಇವರು ಹೋದ ಮೇಲೆ ಕಾವಪ್ಪ ಕಾನೂನಿನಲ್ಲಿ ನನಗೆ ಸೇರಿದವನಂತೆ, ನಾನು ಸಹಿ ಮಾಡಿದರೇ ಆಗುವುದಂತೆ. ರಘು ಕರಾರನ್ನು ಓದಿ ಕನ್ನಡದಲ್ಲಿ ಹೇಳಿದ. ಎಲ್ಲ ಸರಿ, ಒಂದು ಮಾತು ನನ್ನ ಗಂಟಲಲ್ಲಿ ಸಿಕ್ಕಿತು. ಇನ್ನು ಮುಂದೆ ಕಾವಪ್ಪನ ಹೊಸ ಕಥೆ ಯಾವುದೇ ಇರಲಿ, ಕಂಪನಿಯವರೇ ಮಾಡಬೇಕು, ಬೇರೆ ಯಾರೂ ಮಾಡಕೂಡದು.

"ಹಾಗಂದ್ರೆ ನಾನು ಬೆಂಚಿನ ಮೇಲೆ?"

ರಘು ಕನ್ನಡಕ ತೆಗೆದು ಒರೆಸಿದ. "ಅಮ್ಮ, ಈಗ ಅಪ್ಪನ್ನ ಯಾರೂ ಓದ್ತಿಲ್ಲ. ಪುಸ್ತಕ ಅಂಗಡೀಲೂ ಸಿಗಲ್ಲ. ಹೀಗಾದ್ರೂ ಹೆಸರು ಉಳೀಲಿ."

"ಹೆಸರು ಎಲ್ಲಿ ಹಾಕ್ತಾರೆ?"

"ಕೆಳಗೆ. ಸ್ವಲ್ಪ ಚಿಕ್ಕದಾಗಿ."

ಅವನನ್ನು ತಪ್ಪೆನ್ನಲಾರೆ. ಆ ಕಾಗೆಯ ಜೊತೆಯಲ್ಲೇ ಬೆಳೆದವನು. ಅಪ್ಪ ತನಗಿಂತ ಕಾಗೆಯ ಜೊತೆ ಹೆಚ್ಚು ಮಾತಾಡಿದ್ದು ಅವನಿಗೂ ಗೊತ್ತು, ಆದರೂ ಹೆಸರು ಉಳಿಯಲಿ ಎನ್ನುತ್ತಾನೆ. ನಾನು ಮಾತ್ರ, "ಕೊಡೋದಿಲ್ಲ" ಅಂದುಬಿಟ್ಟೆ. ಶ್ವೇತಾ ಸಪ್ಪೆ ಮುಖ ಮಾಡಿಕೊಂಡು ಹೋದಳು. ಅಮ್ಮನೂ ಮಗನೂ ಕೆಲವು ದಿನ ಟಿವಿಯ ಮೂಲಕವೇ ಮಾತಾಡಿಕೊಂಡೆವು.

ಇವರ ತಿಥಿ ಬಂತು. ದಿಲ್ಲಿಯ ಚಳಿಗಾಲ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಊರೇ ಇರುವುದಿಲ್ಲ. ಎದುರು ಬ್ಲಾಕನ್ನು ಯಾರೋ ಒರೆಸಿ ಹಾಕಿದ ಹಾಗೆ. ಹನ್ನೊಂದನೇ ಮಹಡಿಯಲ್ಲಿದ್ದರಂತೂ ಹಾಲಿನ ಪಾತ್ರೆಯಲ್ಲಿ ಬಿದ್ದ ನೊಣ ನಾವು. ಭಟ್ಟರು ಕರೋಲ್ ಬಾಗಿನಿಂದ ಮೆಟ್ರೋ ಹಿಡಿದು, ಟೋಪಿ ಮಫ್ಲರು ಸ್ವೆಟರು ಒಂದೊಂದಾಗಿ ಕಳಚುತ್ತ ಒಳಗೆ ಬಂದರು. ಸೊಸೆ ಸೀಮಾ ಲಖನೌದವಳು, ಆದರೆ ತಿಥಿಯ ವಡೆ ಅವಳ ಕೈಯಲ್ಲಿ ಬಂದಷ್ಟು ಗರಿಯಾಗಿ ನನಗೆ ಬಾರದು. ಶ್ರಾದ್ಧ ಮುಗಿಯಿತು. ಇನ್ನು ಕಾಗೆಗೆ ಎಡೆಯಿಟ್ಟು, ಅದು ಮುಟ್ಟಿದ ಮೇಲೆ ನಮ್ಮ ಊಟ. ಬಾಲ್ಕನಿಗೆ ಬಲೆ, ಹಾಗಾಗಿ ಎಲೆ ಹಿಡಿದುಕೊಂಡು ಟೆರೇಸಿಗೆ ಹೋದೆವು.

ಟೆರೇಸಿನಲ್ಲಿ ನೆಲ ಬಿಟ್ಟರೆ ಏನೂ ಕಾಣದು. ಎಲೆ ಇಟ್ಟು ರಘು ಬಾಯಿಗೆ ಕೈ ಅಡ್ಡ ಹಿಡಿದು, "ಕಾ... ಕಾ..." ಎಂದು ಕರೆದ. ಮಂಜು ಅವನ ದನಿಯನ್ನು ನುಂಗಿ ಸುಮ್ಮನಾಯಿತು. ಭಟ್ಟರೂ ಕರೆದರು. ಎರಡು ಪಾರಿವಾಳ ಬಂದು ಎಲೆಯತ್ತ ನಡೆದವು.

"ಹುಶ್, ಹುಶ್! ಪಾರಿವಾಳಕ್ಕೆ ಅಧಿಕಾರ ಇಲ್ಲ" ಎಂದು ಭಟ್ಟರು ಪಂಚೆ ಬೀಸಿ ಓಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಅಮ್ಮ, ಯಜಮಾನರಿಗೆ ಏನಾದ್ರೂ ಮನಸ್ಸಿನಲ್ಲಿ ಉಳಿದಿತ್ತೇ? ನೆನೆಸಿಕೊಂಡು ನಡೆಸಿಕೊಡ್ತೀವಿ ಅಂದ್ರೆ ಬರುತ್ತೆ" ಅಂದರು.

"ಮನಸ್ಸಿನಲ್ಲಿದ್ದದ್ದನ್ನ ಅವರು ಯಾವತ್ತು ಹೇಳಿದ್ರು, ಈಗ ಕಾಗೆ ಕೈಲಿ ಹೇಳಿ ಕಳಿಸೋಕೆ? ಮಂಜಿಗೆ ಕಣ್ಣು ಕಾಣದೆ ಎಲ್ಲೋ ಮುದುರಿಕೊಂಡು ಕೂತಿರುತ್ತೆ, ಕಾಯಿರಿ" ಅಂದೆ.

ಕಾದೆವು. ವಡೆ ಮೆತ್ತಗಾಗತೊಡಗಿತು. ಸೀಮಾ ಶಾಲಿನೊಳಗೆ ಕೈ ಮುದುರಿ ನಿಂತಿದ್ದಳು. ಎಲ್ಲ ಬಿಳಿ, ಎಲ್ಲ ಮೌನ, ನಾವೇ ಸತ್ತು ಎಲ್ಲಿಗೋ ಬಂದಿದ್ದೇವೆಯೋ ಎನ್ನುವ ಹಾಗೆ. ಆಗ ಹಿಂದೆ ಕಬ್ಬಿಣದ ಬಾಗಿಲು ಕಿರ್ ಎಂದಿತು. ಮಂಜಿನೊಳಗೆ ಒಂದು ಕರಿ ಆಕಾರ. ಮೆಲ್ಲಗೆ, ಕಾಲು ಅಗಲ ಮಾಡಿ ಹೆಜ್ಜೆಯಿಡುತ್ತ, ನಮ್ಮ ಕಡೆಗೇ ಬಂತು. ಆಳೆತ್ತರ. ಉದ್ದ ಕೊಕ್ಕು. ಎರಡೂ ರೆಕ್ಕೆಯ ನಡುವೆ ಒಂದು ಹೂಗುಚ್ಛ.

ಕಾಗೆ.

ಭಟ್ಟರು "ಶಿವ ಶಿವಾ!" ಎಂದು ನೀರಿನ ಟ್ಯಾಂಕಿಗೆ ಒರಗಿಬಿಟ್ಟರು. ಅವರನ್ನು ಹಂಗಿಸಲಾರೆ. ಒಂದು ಕ್ಷಣ ನನ್ನ ಎದೆಯೂ ಗಡಿಯಾರ ನಿಂತ ಹಾಗೆ ನಿಂತಿತ್ತು. ಆಮೇಲೆ ಹಳದಿ ಶಾಲು ಕಂಡಿತು, ಹಲ್ಲು ಕಂಡಿತು, ಹಿಂದೆ ಫೋನು ಎತ್ತಿ ಹಿಡಿದು ಶೂಟಿಂಗ್ ಮಾಡುತ್ತಿದ್ದ ಶ್ವೇತಾ ಕಂಡಳು.

"ಶ್ವೇತಾ! ಏನಿದು?" ಎಂದ ರಘು.

"ಸರ್, ನೀವೇ ಹೇಳಿದ್ರಲ್ಲ ಇವತ್ತು ತಾತನ ತಿಥಿ ಅಂತ? ಕಾವಪ್ಪನೇ ಬಂದು ಹೂವಿಟ್ಟು ನಮಸ್ಕಾರ ಮಾಡಿದ್ರೆ ಅಜ್ಜಿಗೆ ಖುಷಿ ಆಗುತ್ತೆ ಅಂತ... ಒಂದು ಟ್ರಿಬ್ಯೂಟ್... ಕೆಳಗೆ ಗಾರ್ಡ್ ಭಯ್ಯಾ ಟೆರೇಸ್ ಮೇಲಿದಾರೆ ಅಂದ..." ಎಲೆ ನೋಡಿದಳು, ಭಟ್ಟರನ್ನು ನೋಡಿದಳು. ಫೋನು ಕೆಳಗಿಳಿಸಿದಳು. ಪಾಪ, ಅವಳ ಮನೆಯಲ್ಲಿ ತಿಥಿ ಎಂದರೆ ಮಠಕ್ಕೆ ದಕ್ಷಿಣೆ ಕಳಿಸಿಬಿಡುವುದಂತೆ. ಕಾಗೆಯನ್ನು ಕಾಯುವ ಪದ್ಧತಿಯೊಂದಿದೆ ಎಂದು ಅವಳಿಗೆ ಯಾರು ಹೇಳಬೇಕು?

"ಮೊದಲು ಇದನ್ನ ಕರ್ಕೊಂಡು ಹೋಗಿ!" ಎಂದು ರಘು ಕೂಗಿದ. ನನಗೆ ನಗು ಒತ್ತರಿಸಿ ಬಂತು. ತಿಥಿಯ ದಿನ ನಗಬಾರದೆಂದು ಸೆರಗು ಬಾಯಿಗೊತ್ತಿಕೊಂಡೆ. ಆಗ ಕಾಗೆಯ ಹೊಟ್ಟೆಯೊಳಗಿನಿಂದ, ಬಾವಿಯೊಳಗಿನಿಂದ ಬಂದ ಹಾಗೆ, ನೀರು ಕೇಳುವ ಒಂದು ದನಿ:

"ಮಾಂಜೀ, ಥೋಡಾ ಪಾನೀ ಮಿಲೇಗಾ?"

ಬೆನ್ನಿಗೆ ಜಿಪ್ಪಿತ್ತು. ಎಳೆದೆ. ತಲೆ ಕಳಚಿದರೆ ಇಡ್ಲಿಪಾತ್ರೆಯ ಮುಚ್ಚಳ ತೆಗೆದ ಹಾಗೆ ಆವಿ ಎದ್ದಿತು. ಒಳಗೆ ನರೆಗೂದಲಿನ ಒಬ್ಬ ಮನುಷ್ಯ, ಚಳಿಯಲ್ಲೂ ಬೆವರಿ ತೊಪ್ಪೆಯಾಗಿದ್ದ. ಹೆಸರು ರಾಮ್‌ಸೇವಕ್, ದರ್ಭಂಗಾದ ಕಡೆಯವನು. "ಖಾನಾ ಖಾಯಾ?" ಎಂದೆ. ಬೆಳಿಗ್ಗೆಯಿಂದ ಇಲ್ಲ, ತಿಂದು ಇದರೊಳಗೆ ಹೊಕ್ಕರೆ ಹೊಟ್ಟೆ ತೊಳಸುತ್ತದೆ ಎಂದ.

"ಕೂತ್ಕೋ" ಎಂದು ಎಲೆ ತೋರಿಸಿದೆ.

ಭಟ್ಟರು ಟ್ಯಾಂಕು ಬಿಟ್ಟು ಬಂದರು. "ಅಮ್ಮ, ಅಮ್ಮ! ಅದು ಕಾಗೆಗೆ ಇಟ್ಟ ಎಡೆ!"

"ಇದೇನು, ನವಿಲೇ?"

ಭಟ್ಟರು ಗಡಿಯಾರ ನೋಡಿಕೊಂಡರು. ಇನ್ನೊಂದು ಮನೆಗೆ ಹೋಗುವುದಿತ್ತು ಅವರಿಗೆ. "ಹಸಿದು ಬಂದ ಅತಿಥಿ ಅಂದ್ರೆ... ಅದಕ್ಕೂ ಒಂದು ವಚನ ಇದೆ" ಎಂದು ಮೆಲ್ಲಗೆ ಅಂದು, ಮುಖ ಆಚೆ ತಿರುಗಿಸಿ ನಿಂತರು. ವಚನ ಯಾವುದೆಂದು ನಾನೂ ಕೇಳಲಿಲ್ಲ.

ರಾಮ್‌ಸೇವಕ್ ಒಂದು ರೆಕ್ಕೆ ಕಳಚಿದ. ಇನ್ನೊಂದರ ಹುಕ್ಕು ಬಿಡಿಸಲಾಗಲಿಲ್ಲ, ಹಾಗೇ ಕೂತ. ಮೊದಲು ವಡೆಗೇ ಕೈ ಹಾಕಿದ. ಸುತ್ತ ಬೆಳ್ಳಗೆ ಮಂಜು, ನಡುವೆ ಒಂದು ಹಸಿರು ಎಲೆ, ಅದರ ಮೇಲೆ ಬಾಗಿದ ಕರಿ ರೆಕ್ಕೆ. ಅವನು ತಿನ್ನುವ ಸದ್ದು ಬಿಟ್ಟರೆ ಲೋಕದಲ್ಲಿ ಬೇರೆ ಸದ್ದಿಲ್ಲ. ಇದನ್ನು ನಾನು ಎಚ್ಚರದಲ್ಲಿ ನೋಡುತ್ತಿದ್ದೇನೋ, ಲೋಧಿ ಕಾಲೋನಿಯ ಯಾವುದೋ ಮಧ್ಯಾಹ್ನ ಕಿಟಕಿಗೆ ತಲೆಯಾನಿಸಿ ಮಲಗಿದವಳಿಗೆ ಬಿದ್ದ ಕನಸೋ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಕಣ್ಣು ತುಂಬಿ ಬಂತು ಎಂದು ಬರೆದರೆ ನಿಮಗೆ ಹಿತವಾದೀತು. ಬರಲಿಲ್ಲ. ಹೊಗೆಗೆ ಉರಿಯುತ್ತಿತ್ತು, ಅಷ್ಟೇ.

"ಈ ಕಾಗೆ ಯಾರು ಗೊತ್ತೇನಪ್ಪ?" ಎಂದು ಹಿಂದಿಯಲ್ಲಿ ಕೇಳಿದೆ.

"ನಹೀಂ ಮಾಂಜೀ. ಪಿಛಲೇ ಮಹೀನೇ ಮೈಂ ದಾಂತ್ ಥಾ." ಹೋದ ತಿಂಗಳು ಅವನು ಹಲ್ಲಾಗಿದ್ದನಂತೆ, ಯಾವುದೋ ದಂತವೈದ್ಯರ ಅಂಗಡಿಯ ಮುಂದೆ. "ಅದಕ್ಕಿಂತ ಕಾಗೆ ವಾಸಿ. ಇದಕ್ಕೆ ಕಾಲಿದೆ" ಎಂದ.

ಅವನು ಎರಡನೇ ಸಲ ಪಾಯಸ ಹಾಕಿಸಿಕೊಳ್ಳುವಾಗ ನನಗೆ ಅನಿಸಿತು: ಕಾವಪ್ಪ ಎಲ್ಲಿ ಅನ್ನವಿದೆಯೋ ಅಲ್ಲಿಗೆ ಹೋಗುವವನು. ಗುಂತಕಲ್ಲಿನಲ್ಲಿ ಕೇಳಿ ಹತ್ತಿದನೇ ರೈಲನ್ನು? ಇಡ್ಲಿಯ ಅಂಗಡಿಯೊಂದು ಕರೆಯುತ್ತಿರುವಾಗ ಬರುವುದಿಲ್ಲ ಎನ್ನುವ ಕಾಗೆ ಕಾಗೆಯೇ ಅಲ್ಲ. ಅವನನ್ನು ಹಿಡಿದಿಡುವುದಕ್ಕೆ ನಾನ್ಯಾರು, ಬಾಲ್ಕನಿಯ ಬಲೆಯೇ?

"ಸಹಿ ಹಾಕ್ತೀನಿ" ಅಂದೆ. "ಆದರೆ ಬೆಂಚಿನ ಮೇಲೆ ನಾನು ಕಥೆ ಹೇಳೋದನ್ನ ಯಾರೂ ಯಾಕೆ ಅಂತ ಕೇಳಕೂಡದು, ತಡೀಕೂಡದು. ಅದನ್ನ ಕರಾರಿನಲ್ಲಿ ಹಾಕಿಸು."

"ಅಷ್ಟೇನಾ ಅಜ್ಜಿ? ಡನ್!" ಶ್ವೇತಾ ಅಳುತ್ತಿದ್ದವಳು ನಕ್ಕಳು. ರಘು ನನ್ನ ಹೆಗಲ ಮೇಲೆ ಶಾಲು ಸರಿಮಾಡಿದ. ಅವಳು ಹೇಳಿದ ಹಾಗೆ ಹಾಕಿಸಿಯೂ ಕೊಟ್ಟಳು. ನಾನು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದೆ. ಕೇಳಿದ್ದನ್ನು ಅಷ್ಟು ಸಲೀಸಾಗಿ ಕೊಟ್ಟಾಗಲೇ ಅನುಮಾನ ಬರಬೇಕಿತ್ತು. ಬಾಗಿಲಿಗೆ ಬೀಗ ಹಾಕಿಸಿಕೊಂಡೆ, ಗೋಡೆಯೇ ಇಲ್ಲವೆಂಬುದು ಆಮೇಲೆ ತಿಳಿಯಿತು.

ಜಾಹೀರಾತು ಬಂತು. ಎಲ್ಲರ ಫೋನಿನಲ್ಲೂ ಕಾವಪ್ಪ. ಕಿಟಕಿಗೆ ಬಂದು, ರೆಕ್ಕೆ ಜೋಡಿಸಿ, ಸಕ್ಕರೆಯಂಥ ದನಿಯಲ್ಲಿ "ನಮಸ್ತೇ ಜೀ! ಪೆಹಲೇ ಆಪ್ ಖಾಯಿಯೇ!" ಅನ್ನುತ್ತಾನೆ. ಮೊದಲು ನೀವು ತಿನ್ನಿ ಅನ್ನುವ ಕಾಗೆ! ಅಂದು ಸಂಜೆ ನಾನು ಬೆಂಚಿನ ಮೇಲೆ ಕೂತು ಕಥೆ ಶುರು ಮಾಡಿದೆ. ಕಾವಪ್ಪ ಗಾರ್ಡಿನ ಕಿಟಕಿಗೆ ಬಂದ, "ಏ ದಂಡಪಿಂಡ" ಅಂದ. ಮಕ್ಕಳು ಮುಖ ಮುಖ ನೋಡಿಕೊಂಡವು.

"ದಾದೀ," ಎಂದಳು ಮಿಷ್ಟಿ, ದೊಡ್ಡವರು ಚಿಕ್ಕವರಿಗೆ ಹೇಳುವ ಹಾಗೆ ಮೆತ್ತಗೆ, "ಕಾವಪ್ಪಾ ಐಸೇ ನಹೀಂ ಬೋಲ್ತಾ."

"ಹಾಗೆ ಮಾತಾಡಲ್ಲವೇ? ಮತ್ತೆ ಹೇಗೆ?"

"ನಮಸ್ತೇ ಜೀ ಬೋಲ್ತಾ ಹೈ. ಆಪ್ ಗಲತ್ ಬೋಲ್ ರಹೀ ಹೋ." ನಾನು ತಪ್ಪು ಹೇಳುತ್ತಿದ್ದೇನಂತೆ. ಪಕ್ಕದವನು ಅಮ್ಮನ ಫೋನು ಕಿತ್ತುಕೊಂಡು ಬಂದು ಸಾಕ್ಷಿ ತೋರಿಸಿದ. ಕಾವಪ್ಪ ನನಗೇ ನಮಸ್ಕಾರ ಮಾಡಿದ. ಇದು ನನ್ನ ಗಂಡನ ಕಾಗೆ, ಇದರ ನಾಲಿಗೆ ನನ್ನದು ಎಂದು ಏಳೆಂಟು ವರ್ಷದ ಮಕ್ಕಳೊಡನೆ ವಾದಿಸಲೇ? ವಾದಿಸಿದೆ, ಸೋತೆ. ಅವರು ಕಣ್ಣಾರೆ ಕಂಡಿದ್ದರು. ಮಕ್ಕಳು ಒಂದೊಂದಾಗಿ ಜಾರುಬಂಡೆಗೆ ಹೋದವು. ನಾನೂ ಮಂಡಿನೋವೆಂದು ಕೆಳಗಿಳಿಯುವುದನ್ನೇ ಬಿಟ್ಟೆ. ಇವರು ಸತ್ತಾಗ ಖಾಲಿಯಾಗದ ಸಂಜೆ ಆಗ ಖಾಲಿಯಾಯಿತು. ಟಿವಿ ನೋಡಿದೆ, ಬಟಾಣಿ ಬಿಡಿಸಿದೆ.

ಮೊನ್ನೆ ಆ ಚೀಲದಲ್ಲಿ ಇಡ್ಲಿ ಬಂತು ಎಂದೆನಲ್ಲ. ತಿನ್ನುತ್ತ ತಿನ್ನುತ್ತ ಚೀಲವನ್ನು ಬೈಯತೊಡಗಿದ್ದೆ. "ಶಾಲು ಹೊದ್ದುಕೊಂಡು ನಿಂತಿದಾನೆ ನೋಡು, ಮನೆ ಕಡೆ ಜ್ಞಾನ ಇಲ್ಲ, ಬೆಳಗಾದ್ರೆ ಕಂಡವರ ಕಿಟಕಿ, ಅಳಿದೆಯೋ ಉಳಿದೆಯೋ ಅಂತ ಒಂದು ಮಾತಿಲ್ಲ, ಗೂಬೆ ನನ್ಮಗನೆ..." ಜ್ವರದಲ್ಲಿ ಮಲಗಿದ್ದ ಸೀಮಾ ಕೋಣೆಯಿಂದ, "ಕಿಸ್‌ಸೇ ಬಾತ್ ಕರ್ ರಹೀ ಹೋ ಮಾಂ?" ಎಂದಳು. ಯಾರ ಜೊತೆ ಮಾತಾಡುತ್ತಿದ್ದೀರಿ ಎಂದು. ನಾನು ಕೈ ತೊಳೆಯಲು ಎದ್ದವಳು ನಲ್ಲಿಯ ಮುಂದೆ ಹಾಗೇ ನಿಂತೆ. ಯಾರ ಜೊತೆ ಅನ್ನುವುದಲ್ಲ. ಹೀಗೆ ಬೈಯುತ್ತಿರುವವಳು ಯಾರು?

ನಿನ್ನೆ ಸಂಜೆ ಕೋಲು ಹಿಡಿದು ಕೆಳಗೆ ಹೋದೆ. ಬೆಂಚಿನ ಮೇಲೆ ಯಾರದೋ ಸ್ಕೂಲ್ ಬ್ಯಾಗಿತ್ತು, ಸರಿಸಿ ಕೂತೆ. ಮಕ್ಕಳು ದೂರದಲ್ಲಿ ಆಡುತ್ತಿದ್ದವು. ನಾನು ಯಾರನ್ನೂ ಕರೆಯಲಿಲ್ಲ. ಮೇಲೆ ನೋಡುತ್ತ ಜೋರಾಗಿ, ನನ್ನ ಹರಕು ಹಿಂದಿಯಲ್ಲಿ ಹೇಳಿದೆ: "ಕಾವಪ್ಪ ಇಡ್ಲಿ ಮಾರೋಕೆ ಹೋಗಿಬಿಟ್ಟ. ಇನ್ನು ಮರದ ಮೇಲೆ ಅವನ ಹೆಂಡತಿ ಒಬ್ಬಳೇ."

ಮಿಷ್ಟಿ ಜಾರುಬಂಡೆಯ ತುದಿಯಲ್ಲಿ ನಿಂತಳು. "ಉಸ್‌ಕೀ ಬೀವೀ ಭೀ ಹೈ?"

"ಇರದೆ ಏನು? ಅವನಿಗೆ ಮಾತು ಕಲಿಸಿದವರು ಯಾರು ಮತ್ತೆ?"

ಜಾರಿಕೊಂಡು ಬಂದಳು. ಹಿಂದೆ ಇನ್ನಿಬ್ಬರು. "ಅವಳೂ ನಮಸ್ತೇ ಮಾಡ್ತಾಳಾ ದಾದೀ?"

ನಾನು ಬಾಯಿ ತೆರೆದೆ. ತರಕಾರಿಯವನಿಗೆ, ಹಾಲಿನವನಿಗೆ, ಮಾತೇ ಆಡದ ಗಂಡನಿಗೆ ಅಂತ ಒಂದು ಜನ್ಮಪೂರ್ತಿ ಕೂಡಿಟ್ಟದ್ದೆಲ್ಲ, ಕನ್ನಡದಲ್ಲೇ, ಉಸಿರು ತೆಗೆಯದೆ ಬಂತು. ಮಕ್ಕಳು ಮೊದಲು ಹೆದರಿದವು, ಆಮೇಲೆ ಒಂದರ ಮೇಲೊಂದು ಬಿದ್ದು ನಕ್ಕವು. ಜಾರುಬಂಡೆ ಖಾಲಿಯಾಯಿತು.

"ನಾಮ್ ಕ್ಯಾ ಹೈ ಉಸ್‌ಕಾ?" ಎಂದು ಎಲ್ಲ ಒಟ್ಟಿಗೆ ಕೇಳಿದವು.

ಹೆಸರು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. ಹೇಳಿದರೆ ನಾಳೆ ಅವಳಿಗೂ ಯಾರಾದರೂ ಹಲ್ಲು ಕಟ್ಟಿಸಿಯಾರು.

"ಅವಳನ್ನ ಹೆಸರು ಹಿಡಿದು ಕರೆದವರು ಇನ್ನೂ ಯಾರೂ ಇಲ್ಲ" ಎಂದೆ. "ಸುಮ್ನೆ ಕೂತ್ಕೊಳ್ಳಿ. ಅವಳೇ ಬರ್ತಾಳೆ."